ಅಂಗಡಿ ಬಾಗಿಲಿನ ಮಾಲೆಗಳು

ಗೋಣಿಕೊಪ್ಪದ ದರ್ಜಿಯೊಬ್ಬರು ನನ್ನ ಮಗನ ಸೊಂಟಕ್ಕೆ ಟೇಪು ಸುತ್ತಿ, ಒಮ್ಮೆ ಅಂಕಿ ನೋಡಿ, ಇನ್ನೊಮ್ಮೆ ಅವನ ಮುಖ ನೋಡಿ, "ಅಮ್ಮಾ, ಇದು ಮಗನ ಅಳತೆಯೋ ಯಜಮಾನರ ಅಳತೆಯೋ? ಬಟ್ಟೆ ಇನ್ನೊಂದಿಷ್ಟು ಬೇಕಾಗುತ್ತೆ" ಎಂದರು. ಅಂಗಡಿಯಲ್ಲಿದ್ದ ನಾಲ್ಕೈದು ಮಂದಿ ನಕ್ಕರು. ನಾನೂ ನಕ್ಕೆ. ಮಗನೂ ನಕ್ಕ. 2023ರ ಜೂನ್ ತಿಂಗಳ ಮೊದಲ ವಾರ ಅದು. ಹೊರಗೆ ಮಳೆ ಹಿಡಿದಿತ್ತು. ಹುದಿಕೇರಿಗೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನು ಪೊನ್ನಂಪೇಟೆ ದಾಟಿದರೂ ತುಟಿ ಬಿಚ್ಚಲಿಲ್ಲ. ರಾತ್ರಿ ಮಲಗುವಾಗ ಮಾತ್ರ ಗೋಡೆಯ ಕಡೆ ತಿರುಗಿಕೊಂಡು ಕೇಳಿದ: "ಅಮ್ಮಾ, ನಾನು ಡುಮ್ಮನಾ?"

"ಇಲ್ಲ ಕಂದ, ನೀನು ಮೈಕೈ ತುಂಬಿಕೊಂಡಿದ್ದೀಯ ಅಷ್ಟೆ" ಎಂದೆ.

ಹನ್ನೊಂದು ವರ್ಷದ ಹುಡುಗನಿಗೆ ಸುಳ್ಳು ಯಾವುದೆಂದು ಚೆನ್ನಾಗಿ ತಿಳಿಯುತ್ತದೆ. ಅವನು ಮತ್ತೆ ಕೇಳಲಿಲ್ಲ.

ನಮ್ಮದು ಹುದಿಕೇರಿಯಲ್ಲಿ ಒಂದು ಸಣ್ಣ ದಿನಸಿ ಅಂಗಡಿ. ನನ್ನ ಮಾವನವರು ಪಿರಿಯಾಪಟ್ಟಣದ ಕಡೆಯಿಂದ ಬಂದು ಹಾಕಿದ್ದು. ಈಗ ನನ್ನ ಯಜಮಾನರು ನಡೆಸುತ್ತಾರೆ. ಅಕ್ಕಿ, ಬೇಳೆ, ಸೋಪು, ಬೆಂಕಿಪೊಟ್ಟಣ, ತೋಟದ ಕೆಲಸದವರಿಗೆ ಎಲೆಯಡಿಕೆ. ಇವೆಲ್ಲ ಒಳಗೆ. ಬಾಗಿಲಿಗೆ ಮಾತ್ರ ಬಣ್ಣಬಣ್ಣದ ಕುರುಕಲು ಪೊಟ್ಟಣಗಳ ಸರಗಳು. ಮದುವೆ ಮನೆಯ ತೋರಣದಂತೆ ಬಾಗಿಲಿನ ಎರಡೂ ಬದಿಗೆ ಇಳಿಬಿದ್ದಿರುತ್ತವೆ. ಐದು ರೂಪಾಯಿಯದು, ಹತ್ತು ರೂಪಾಯಿಯದು. ಕತ್ತರಿ ಬೇಡ, ತಕ್ಕಡಿ ಬೇಡ, ಕೈ ಎತ್ತಿ ಎಳೆದರೆ ಸಾಕು. ನನ್ನ ಮಗ ಶಾಲೆಯ ವ್ಯಾನು ಇಳಿದು ನೇರ ಬರುತ್ತಿದ್ದುದು ಈ ಮಾಲೆಗಳ ಕೆಳಗೆ. ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚುವವರೆಗೂ ಅಪ್ಪನ ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಅವನ ವಾಸ. ಕೈಯಲ್ಲಿ ಮೊಬೈಲು.

ಅವನನ್ನು ನೋಡಿ ನಾವು ಹೆಮ್ಮೆಪಟ್ಟದ್ದೂ ಉಂಟು. ಮಗಳು ಹುಟ್ಟಿದಾಗ ಕಡ್ಡಿಯಂತಿದ್ದಳು. "ಅಂಗಡಿ ಇಟ್ಟುಕೊಂಡೂ ಮಗೂಗೆ ಹೊಟ್ಟೆಗೆ ಹಾಕಲ್ವಾ?" ಎಂದು ಕೇಳಿದವರುಂಟು. ಅತ್ತೆಯವರು ಆ ಮಾತನ್ನು ಇಂದಿಗೂ ಮರೆತಿಲ್ಲ. ಆರು ವರ್ಷಗಳ ನಂತರ 2012ರಲ್ಲಿ ಮಗ ಹುಟ್ಟಿದಾಗ ಮೂರು ಮುಕ್ಕಾಲು ಕಿಲೋ ದಾಟಿದ್ದ. ಬಂದವರೆಲ್ಲ ಗಲ್ಲ ಹಿಂಡಿದರು. ಅತ್ತೆಯವರು ದೃಷ್ಟಿ ತೆಗೆದು ತೆಗೆದು ಸುಸ್ತಾದರು. ಆ ಬಸಿರಿನಲ್ಲಿ ನನಗೆ ಸಕ್ಕರೆ ಏರಿತ್ತೆಂಬುದು, ಹೆರಿಗೆಯಾದ ಮೇಲೆ ಇಳಿಯಿತೆಂಬುದು ನೆನಪಿಡಬೇಕಾದ ಸಂಗತಿಯೆಂದು ಆಗ ಯಾರಿಗೂ ಅನಿಸಿರಲಿಲ್ಲ. ನನಗಂತೂ ಮೊದಲೇ ಇಲ್ಲ.

ದರ್ಜಿಯ ಮಾತಿನ ಮಾರನೆಯ ದಿನದಿಂದ ನಾನು ಮಗನಿಗೆ ಪಥ್ಯ ಶುರು ಮಾಡಿದೆ. ನಾವು ನಾಲ್ವರೂ ಪೂರಿ ತಿಂದರೆ ಅವನಿಗೆ ಎರಡು ಒಣ ಚಪಾತಿ. ನಮಗೆ ಬೆಲ್ಲ ಹಾಕಿದ ಕಾಫಿ, ಅವನಿಗೆ ಬಿಸಿನೀರು. ಅಕ್ಕ ಅವನೆದುರಿಗೇ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು. "ನಾನು ಸಣ್ಣಗಿದ್ದೀನಲ್ಲ, ನಾನ್ಯಾಕೆ ಬಿಡಬೇಕು?" ಎಂಬುದು ಅವಳ ವಾದ. ವಾದದಲ್ಲಿ ತಪ್ಪೇನೂ ಇದ್ದಂತೆ ನನಗೂ ಕಾಣಲಿಲ್ಲ. ಅಂಗಡಿಯಲ್ಲಿ ಕೂತಾಗ ಅವನು ಏನನ್ನೂ ಮುಟ್ಟಬಾರದೆಂದು ಅಪ್ಪನ ಕಟ್ಟಪ್ಪಣೆಯಾಯಿತು. ಬೆಟ್ಟದಂತಹ ಸಿಹಿಯ ನಡುವೆ ಮಗುವನ್ನು ಕೂರಿಸಿ ಕೈ ಕಟ್ಟಿಕೊಂಡಿರು ಎಂದ ಹಾಗೆ.

ಆಗಸ್ಟಿನಲ್ಲಿ ಅಕ್ಕಿ ಮೂಟೆ ಸರಿಸುವಾಗ ಅದರ ಹಿಂದೆ ಖಾಲಿ ಪೊಟ್ಟಣಗಳು ಸಿಕ್ಕವು. ಒಂದೆರಡಲ್ಲ, ಒಂದು ಮೊರದಷ್ಟು. ಚಿಕ್ಕದಾಗಿ, ಅಚ್ಚುಕಟ್ಟಾಗಿ ಮಡಿಚಿ ಸಿಕ್ಕಿಸಿದ್ದ. ಯಜಮಾನರಿಗೆ ಕೋಪ ನೆತ್ತಿಗೇರಿತು. "ಸ್ವಂತ ಅಂಗಡೀಲೇ ಕಳ್ಳತನ" ಎಂದು ಗಿರಾಕಿಗಳ ಮುಂದೆಯೇ ಒಂದೇಟು ಬಿಗಿದುಬಿಟ್ಟರು. ಹುಡುಗ ಅಳಲಿಲ್ಲ. ಆ ರಾತ್ರಿ ಊಟಕ್ಕೂ ಬರಲಿಲ್ಲ. ಮೂರು ದಿನ ಅಪ್ಪನ ಕೂಡೆ ಮಾತಾಡಲಿಲ್ಲ. ಪಥ್ಯ ಶುರುವಾದಂದಿನಿಂದ ಅವನ ತೂಕ ಎರಡು ಕಿಲೋ ಹೆಚ್ಚಿತ್ತು. ಇದು ನಮಗೆ ಮುಂದೆ ತಿಳಿದದ್ದು.

ಇನ್ನೊಂದು ನಾಚಿಕೆಯ ಮಾತು ಹೇಳಬೇಕು. ಅವನ ಕುತ್ತಿಗೆಯ ಹಿಂಭಾಗ ಒಂದು ವರ್ಷದಿಂದ ಕಪ್ಪಾಗುತ್ತಿತ್ತು. ಕೊಳೆ ಎಂದುಕೊಂಡು ನಾನು ಕಡಲೆಹಿಟ್ಟು ಹಚ್ಚಿ, ನಾರು ಹಾಕಿ ಉಜ್ಜುತ್ತಿದ್ದೆ. "ಸರಿಯಾಗಿ ಸ್ನಾನ ಮಾಡೋದಿಲ್ಲ" ಎಂದು ಬೈಯುತ್ತಿದ್ದೆ. ಸೆಪ್ಟೆಂಬರಿನಲ್ಲಿ ಕೆಮ್ಮಿಗೆಂದು ಮೈಸೂರಿನ ಮಕ್ಕಳ ವೈದ್ಯೆಯೊಬ್ಬರಲ್ಲಿಗೆ ಹೋದಾಗ ಅವರು ಕೆಮ್ಮನ್ನು ಬಿಟ್ಟು ಕುತ್ತಿಗೆಯನ್ನು ನೋಡಿದರು. ಅದು ಕೊಳೆಯಲ್ಲವಂತೆ. ಮೈಯಲ್ಲಿ ಇನ್ಸುಲಿನ್ ತಯಾರಾಗುತ್ತಿದ್ದರೂ ದೇಹ ಅದರ ಮಾತು ಕೇಳದಿದ್ದಾಗ, ಇನ್ನಷ್ಟು ಮತ್ತಷ್ಟು ಇನ್ಸುಲಿನ್ ಸುರಿದು ಚರ್ಮ ಹೀಗೆ ದಪ್ಪಗೆ, ಕಪ್ಪಗೆ ಆಗುತ್ತದಂತೆ. ಸಕ್ಕರೆ ಕಾಯಿಲೆ ಬರುವ ಮುನ್ನ ಅದು ಕಳಿಸುವ ಕಾಗದ ಎಂದರು. ನಾನು ಆ ಕಾಗದವನ್ನು ಒಂದು ವರ್ಷ ಉಜ್ಜಿ ಅಳಿಸಲು ನೋಡಿದ್ದೆ!

ಅವನ ತೂಕ 52 ಕಿಲೋ, ಎತ್ತರ 142 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಅಂಕಿ ಸುಮಾರು 25.8. ಈ ಲೆಕ್ಕವನ್ನು ಓದುವ ವಿದ್ಯಾರ್ಥಿಗಳು ನೀವೇ ಮಾಡಿ ನೋಡಬಹುದು. ಆದರೆ ಒಂದು ಎಚ್ಚರ: ದೊಡ್ಡವರಿಗೆ ಹೇಳುವ ಮಿತಿಗಳನ್ನು ಮಕ್ಕಳಿಗೆ ಹಚ್ಚುವಂತಿಲ್ಲ. ಮಕ್ಕಳಿಗೆ ವಯಸ್ಸು, ಗಂಡು-ಹೆಣ್ಣು ನೋಡಿ ಬೇರೆಯೇ ಪಟ್ಟಿಯಿದೆ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಪರಿಷ್ಕರಿಸಿದ್ದು. ವೈದ್ಯೆ ಆ ಪಟ್ಟಿಯಲ್ಲಿ ಚುಕ್ಕಿ ಇಟ್ಟು ತೋರಿಸಿದರು. ಚುಕ್ಕಿ ಎಲ್ಲ ಗೆರೆಗಳಿಗೂ ಮೇಲೆ ಕೂತಿತ್ತು.

ಆಮೇಲೆ ಅವರು ಮಾಡಿದ್ದು ನಮಗೆ ವಿಚಿತ್ರವೆನಿಸಿತು. "ಈಗ ನೀವು ಹತ್ತಿ" ಎಂದು ಯಜಮಾನರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 89 ಕಿಲೋ. ನನ್ನನ್ನೂ ನಿಲ್ಲಿಸಿದರು (ಅಂಕಿ ಬೇಡ, ಬಿಡಿ). ನಮ್ಮಿಬ್ಬರ ರಕ್ತ ಪರೀಕ್ಷೆಗೂ ಚೀಟಿ ಬರೆದರು. "ಕೆಮ್ಮು ಇವನಿಗಲ್ಲವೇ ಡಾಕ್ಟ್ರಮ್ಮ?" ಎಂದು ಯಜಮಾನರು ಕೇಳಿದಾಗ, "ಇವನಿಗೆ ನಾನು ಡಯಟ್ ಬರೆದುಕೊಡೋದಿಲ್ಲ. ನಿಮ್ಮ ಮನೆಗೆ ಬರೆದುಕೊಡ್ತೀನಿ. ಅವನ ತೂಕ ಇಳಿಸಬೇಕು ಅಂತ ಹಟ ಬೇಡ. ಸದ್ಯಕ್ಕೆ ಏರೋದು ನಿಲ್ಲಲಿ. ಬೆಳೆಯೋ ವಯಸ್ಸು, ಎತ್ತರ ಬಂದು ತೂಕವನ್ನು ಹಿಡಿದುಕೊಳ್ಳುತ್ತೆ" ಎಂದರು. ನನ್ನ ಬಸಿರಿನ ಸಕ್ಕರೆಯ ವಿಷಯ ಅವರು ಕೇಳಿದ್ದಕ್ಕೆ ಹೇಳಿದೆ. ಅವರು ತಲೆಯಾಡಿಸಿ ಅದೇ ಮೈಸೂರಿನ ಒಂದು ಕಥೆ ಹೇಳಿದರು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವುದು, ಕೊಡಗಿನವರಿಗೆ ಹೊಸದಲ್ಲ. ಅಲ್ಲಿ 1997-98ರಲ್ಲಿ ಎಂಟುನೂರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು, ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಕರೆಸಿ ಅಳೆಯುತ್ತಾ ಬಂದ ಅಧ್ಯಯನವೊಂದಿದೆ. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಜತೆಗಾರರು ನಡೆಸಿದ್ದು. ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಐದು ವರ್ಷಕ್ಕೇ ಮೈಯ ಕೊಬ್ಬು ಹೆಚ್ಚಿರುವುದು, ಒಂಬತ್ತು-ಹತ್ತರ ಹೊತ್ತಿಗೆ ಇನ್ಸುಲಿನ್ನಿನ ಕೆಲಸ ಕುಂಠಿತವಾಗಿರುವುದು ಕಂಡುಬಂತು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರು ತೋರಿಸಿಕೊಟ್ಟದ್ದು ಇನ್ನೂ ಸ್ವಾರಸ್ಯದ್ದು: ನಮ್ಮ ಮಕ್ಕಳು ಹುಟ್ಟುವಾಗ ಇಂಗ್ಲೆಂಡಿನ ಮಕ್ಕಳಿಗಿಂತ ತೂಕದಲ್ಲಿ ಬಹಳ ಕಡಿಮೆ, ಆದರೆ ಆ ಸಣ್ಣ ಮೈಯಲ್ಲೂ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಅಂದರೆ ಕಡ್ಡಿಯಂತಿದ್ದ ನನ್ನ ಮಗಳೂ ಸುರಕ್ಷಿತಳೆಂದು ಹೇಳುವಂತಿಲ್ಲ. ಬಿಸ್ಕತ್ತು ಅದ್ದುತ್ತಿದ್ದವಳಿಗೆ ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ನನಗೆ ಒಂದು ವಾರ ನಿದ್ದೆ ಬರಲಿಲ್ಲ. ಎಲ್ಲ ನನ್ನ ಹೊಟ್ಟೆಯಿಂದಲೇ ಬಂದದ್ದೆಂಬ ಕೊರಗು. ಯಜಮಾನರ ರಕ್ತಪರೀಕ್ಷೆ ಬಂದ ಮೇಲೆ ಆ ಕೊರಗಿಗೆ ಪಾಲುದಾರರು ಸಿಕ್ಕರು ಎನ್ನಬೇಕು. ಅವರಿಗೆ ಸಕ್ಕರೆ ಕಾಯಿಲೆ ಬಂದೇಬಿಟ್ಟಿತ್ತು. ಯಾವಾಗ ಬಂತೋ ಗೊತ್ತಿಲ್ಲ. ಅಂಗಡಿಯ ಗಲ್ಲಾದ ಹಿಂದೆ ಹದಿನೆಂಟು ವರ್ಷ ಕೂತ ಮನುಷ್ಯ. ಮಗನಿಗೆ ಏಟು ಕೊಟ್ಟ ಕೈಯಲ್ಲೇ ಚೀಟಿ ಹಿಡಿದು ಸುಮ್ಮನೆ ಕೂತರು.

ಮಗಳು ಆಗ ಪಿಯುಸಿ ವಿಜ್ಞಾನ. ಮೊಬೈಲಿನಲ್ಲಿ ಏನೇನೋ ಹುಡುಕಿ ಓದಿ ಹೇಳತೊಡಗಿದಳು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಲಿಯೊನಾರ್ಡ್ ಎಪ್‌ಸ್ಟೀನ್ ಎಂಬುವರು 6ರಿಂದ 12 ವರ್ಷದ ದಪ್ಪ ಮಕ್ಕಳ ಮೇಲೆ ಮಾಡಿದ ಪ್ರಯೋಗವೊಂದು ಅವಳಿಗೆ ಸಿಕ್ಕಿತು. ಎಲ್ಲ ಕುಟುಂಬಗಳಿಗೂ ಒಂದೇ ಪಾಠ. ಆದರೆ ಒಂದು ಗುಂಪಿನಲ್ಲಿ ಮಗುವೂ ಅಪ್ಪ ಅಥವಾ ಅಮ್ಮನೂ ಇಬ್ಬರೂ ತಂತಮ್ಮ ತೂಕದ ಗುರಿ ಮುಟ್ಟಬೇಕು, ಇನ್ನೊಂದರಲ್ಲಿ ಮಗು ಮಾತ್ರ, ಮತ್ತೊಂದರಲ್ಲಿ ಸುಮ್ಮನೆ ಹಾಜರಿ ಹಾಕಿದರಾಯಿತು. ಹತ್ತು ವರ್ಷಗಳ ನಂತರ ಆ ಮಕ್ಕಳನ್ನು ಹುಡುಕಿ ಮತ್ತೆ ಅಳೆದು 1990ರಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕಕ್ಕಿಂತ ಎಷ್ಟು ಹೆಚ್ಚು ಎಂಬ ಶೇಕಡಾ ಲೆಕ್ಕದಲ್ಲಿ, ಹೆತ್ತವರೊಂದಿಗೆ ಇಳಿದ ಮಕ್ಕಳು 7.5ರಷ್ಟು ಕೆಳಗಿದ್ದರು, ಹಾಜರಿ ಹಾಕಿದವರ ಮಕ್ಕಳು 14.3ರಷ್ಟು ಮೇಲೇರಿದ್ದರು. ಹತ್ತು ವರ್ಷ ಎಂಬುದನ್ನು ಗಮನಿಸಿ. ಒಂದು ತಿಂಗಳು ಯಾರು ಬೇಕಾದರೂ ಇಳಿಸಿಯಾರು.

ಅವಳು ಓದಿದ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾಯಿತು. ಕ್ಯಾಲಿಫೋರ್ನಿಯಾದ ಮಧ್ಯ ಕಣಿವೆಯಲ್ಲಿ ಫೈರ್‌ಬಾ, ಸ್ಯಾನ್ ವಾಕೀನ್ ಎಂಬ ಎರಡು ಸಣ್ಣ ಊರುಗಳಿವೆ. ಮೆಕ್ಸಿಕೊ ಕಡೆಯಿಂದ ಬಂದು ಹೊಲಗಳಲ್ಲಿ ದುಡಿಯುವವರೇ ಅಲ್ಲಿ ಹೆಚ್ಚು. ದೇಶಕ್ಕೆಲ್ಲ ಹಣ್ಣು ತರಕಾರಿ ಕೊಯ್ದು ಕಳಿಸುವವರು ಅವರು. ಅವರ ಮಕ್ಕಳ ತಟ್ಟೆಯಲ್ಲಿ ಮಾತ್ರ ಅವು ಕಡಿಮೆ. ಡೇವಿಸ್‌ನ ವಿಶ್ವವಿದ್ಯಾಲಯದವರು 2011ರಲ್ಲಿ ಅಲ್ಲಿಗೆ ಹೋಗಿ, ಫೈರ್‌ಬಾದಲ್ಲಿ ಮಕ್ಕಳಿಗೆ ಮಾತ್ರ ಪಾಠ ಹೇಳದೆ ಮನೆಯವರನ್ನೂ ಸಂಜೆಗಳಲ್ಲಿ ಸೇರಿಸಿ, ಅವರದೇ ಸ್ಪ್ಯಾನಿಷ್ ಭಾಷೆಯಲ್ಲಿ ಮಾತಾಡಿ, ಹಣ್ಣು-ತರಕಾರಿ ಕೊಳ್ಳಲೆಂದೇ ತಿಂಗಳಿಗೆ 25 ಡಾಲರಿನ ಚೀಟಿ ಕೊಟ್ಟರಂತೆ. ಯೋಜನೆಯ ಹೆಸರಿನ ಅರ್ಥ 'ಆರೋಗ್ಯವಂತ ಮಕ್ಕಳು, ಆರೋಗ್ಯವಂತ ಕುಟುಂಬ'. ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ಅಂಗಡಿಗೆ ಬರುವ ಕೆಲಸದ ಹೆಂಗಸರು ನೆನಪಾದರು. ವಾರದ ಕೂಲಿ ಸಿಕ್ಕ ದಿನ ಮಕ್ಕಳಿಗೆಂದು ಅವರು ಕೊಳ್ಳುವುದು ನಮ್ಮ ಬಾಗಿಲಿನ ಮಾಲೆಯಿಂದಲೇ. ಒಂದು ಬಾಳೆಹಣ್ಣಿನ ಬೆಲೆಗೆ ಒಂದು ಪೊಟ್ಟಣ. ಪೊಟ್ಟಣ ಕಪ್ಪಗಾಗುವುದಿಲ್ಲ, ಕೊಳೆಯುವುದಿಲ್ಲ, ಮಗು ಕೂಡಲೇ ಅಳು ನಿಲ್ಲಿಸುತ್ತದೆ.

ನಮ್ಮ ಮನೆಯಲ್ಲಿ ಮೊದಲ ಜಗಳ ಈ ಮಾಲೆಗಳ ಮೇಲೆಯೇ ಎದ್ದಿತು. ತೆಗೆಯಿರಿ ಎಂದೆ. "ದಿನಕ್ಕೆ ಮುನ್ನೂರು ರೂಪಾಯಿ ವ್ಯಾಪಾರ ಕಣೇ ಅದು. ನಾನು ಬಿಟ್ಟರೆ ರಸ್ತೆ ಆಚೆ ಅಂಗಡಿಯೋನು ತೂಗುಹಾಕ್ತಾನೆ. ಊರ ಮಕ್ಕಳೆಲ್ಲ ನನ್ನ ಜವಾಬ್ದಾರೀನಾ?" ಎಂದರು ಯಜಮಾನರು. ಅವರ ಮಾತು ಸುಳ್ಳಲ್ಲ. ಮಗಳ ಕಾಲೇಜು ಫೀಸು ಆ ಮಾಲೆಗಳಿಂದಲೂ ಬರುತ್ತಿತ್ತು. ಮೂರು ರಾತ್ರಿ ಅದೇ ಚರ್ಚೆ. ನಾಲ್ಕನೆಯ ಬೆಳಗ್ಗೆ ಅಂಗಡಿಗೆ ಹೋದಾಗ ಬಾಗಿಲು ಬೋಳಾಗಿತ್ತು. ಸರಗಳು ಹಿಂದಿನ ಗೋಡೆಗೆ, ಪೊರಕೆಗಳ ಪಕ್ಕಕ್ಕೆ ಹೋಗಿದ್ದವು. ಬಾಗಿಲಿಗೆ ಒಂದು ಪುಟ್ಟಬಾಳೆ ಗೊನೆ. ನನಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ತಿಂಗಳು ವ್ಯಾಪಾರ ಇಳಿಯಿತು. ಕಂಪನಿಯ ಹುಡುಗ ಬಂದು ಗೊಣಗಿದ. ಆಮೇಲೆ ಒಂದು ಸರ ಒಳಬದಿಯ ಕಂಬಕ್ಕೆ ಬಂತು, ಕೇಳಿದವರಿಗೆ ಕೊಡಲು. ಬಾಗಿಲಿಗೆ ಮಾತ್ರ ಇಂದಿನವರೆಗೂ ಬಂದಿಲ್ಲ. ಬಾಳೆಗೊನೆಯ ಜತೆಗೆ ಸಂಜೆ ಹೊತ್ತು ಬೇಯಿಸಿದ ಕಡಲೆಕಾಯಿ ಇಡುತ್ತೇವೆ. ಅದರ ಲಾಭ ಪರವಾಗಿಲ್ಲ.

ಎರಡನೆಯದು ಅತ್ತೆಯವರ ಒಲೆ. ಅವರಿಗೆ ಎಪ್ಪತ್ತೆರಡು. ಮಗು ತಟ್ಟೆಯಲ್ಲಿ ಬಿಟ್ಟರೆ ಅನ್ನಪೂರ್ಣೆಗೆ ಅವಮಾನ, ಎರಡನೆಯ ಸಲ ಬಡಿಸದಿದ್ದರೆ ಪ್ರೀತಿಗೆ ಅವಮಾನ. ಎಪ್‌ಸ್ಟೀನರು ಆಹಾರವನ್ನು ರಸ್ತೆಯ ಸಿಗ್ನಲ್ಲಿನಂತೆ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿದ್ದರು. ಮಗಳು ಕ್ಯಾಲೆಂಡರಿನ ಹಿಂಬದಿಗೆ ಮೂರು ಬಣ್ಣದಲ್ಲಿ ಪಟ್ಟಿ ಬರೆದು ಅಡುಗೆಮನೆಗೆ ಅಂಟಿಸಿದಳು. ಅತ್ತೆಯವರು ಓದಬಲ್ಲರು. ಓದಿದರು. "ಮುದ್ದೆ ಯಾಕೆ ಹಸಿರಿನಲ್ಲಿಲ್ಲ?" ಎಂದು ಮೊಮ್ಮಗಳ ಮೇಲೆ ಬಿದ್ದರು. ರಾಗಿ ಒಳ್ಳೆಯದೇ ಅಜ್ಜಿ, ಆದರೆ ಎರಡು ಮುದ್ದೆ ನುಂಗಿದರೆ ಹಸಿರು ಹಳದಿಯಾಗುತ್ತೆ ಎಂದು ಅವಳು. ಅಕ್ಕಿರೊಟ್ಟಿ ಎಲ್ಲಿ, ಪಕ್ಕದ ತೋಟದ ಮನೆಯವರು ಕೈಲ್ ಪೊಳ್ದ್‌ಗೆ ಕಳಿಸುವ ಕಡಂಬುಟ್ಟು ಎಲ್ಲಿ, ಕಕ್ಕಡ ಹದಿನೆಂಟರ ಮದ್ದುಪಾಯಸ ಎಲ್ಲಿ? ಮದ್ದಿಗೂ ಬಣ್ಣ ಹಚ್ಚುವುದೇ! ಕೊನೆಗೆ ಹಬ್ಬದ ದಿನಕ್ಕೆ ಬಣ್ಣವಿಲ್ಲ ಎಂದು ತೀರ್ಮಾನವಾಯಿತು. ಹಬ್ಬ ಯಾವುದೆಂಬುದನ್ನು ಅತ್ತೆಯವರೇ ನಿರ್ಧರಿಸುವಂತಿಲ್ಲ ಎಂಬ ಷರತ್ತಿನೊಂದಿಗೆ.

ಅವರ ಮೇಲೆ ಪಟ್ಟಿ ಹೇರಿದ್ದರೆ ಸೋಲುತ್ತಿದ್ದೆವು. ಸೋಲದಿದ್ದುದು ಅವರ ಹಳೆಯ ಅಡುಗೆಗಳು ನಮ್ಮ ನೆರವಿಗೆ ಬಂದುದರಿಂದ. ಬಸ್ಸಾರು, ಉಪ್ಸಾರು, ಹುರುಳಿಕಾಳು, ಮಳೆಗಾಲದಲ್ಲಿ ಕೆಸುವಿನೆಲೆ, ಕಣಿಲೆ. ಇವನ್ನೆಲ್ಲ ನಾನೇ "ಯಾರು ತಿಂತಾರೆ" ಎಂದು ನಿಲ್ಲಿಸಿದ್ದೆ. ಈಗ ಮೊದಲು ತಟ್ಟೆಗೆ ಪಲ್ಯ ಬೀಳುತ್ತದೆ, ಆಮೇಲೆ ಅನ್ನ. ಎಲ್ಲರ ತಟ್ಟೆಗೂ. ಮನೆಯಲ್ಲಿ ಬೇರೆ ಅಡುಗೆ ಎಂಬುದಿಲ್ಲ. ಸಿಹಿ ಪಾನೀಯದ ಬಾಟಲಿ ಮನೆಗೆ ಬರುವುದು ನಿಂತಿದೆ. ಇದನ್ನು ನಿಲ್ಲಿಸಿದ್ದು ಮಾತ್ರ ಮಗನೇ. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಲು ಅಕ್ಕ ಕಲಿಸಿದಳು. ನೂರು ಮಿಲಿಲೀಟರಿಗೆ ಹತ್ತು ಗ್ರಾಮಿಗೂ ಹೆಚ್ಚು ಸಕ್ಕರೆ; 250ರ ಬಾಟಲಿಗೆ 26 ಗ್ರಾಂ. ಒಂದು ಚಮಚಕ್ಕೆ ನಾಲ್ಕು ಗ್ರಾಮಿನಂತೆ ಆರೂವರೆ ಚಮಚ. ಅವನು ಅಡುಗೆಮನೆಗೆ ಹೋಗಿ ಲೋಟದ ನೀರಿಗೆ ಆರೂವರೆ ಚಮಚ ಸಕ್ಕರೆ ಹಾಕಿ ಕಲಕಿ ಕುಡಿದು ನೋಡಿ ಮುಖ ಕಿವುಚಿದ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ ಆರು ಚಮಚದೊಳಗಿದ್ದರೆ ಒಳ್ಳೆಯದು ಎನ್ನುತ್ತದೆ. ನಾನು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ಒಂದು ಲೋಟದಿಂದ ಆಯಿತು.

ಇನ್ನು ಓಡಾಟ. ಇದೇ ಎಲ್ಲಕ್ಕಿಂತ ಕಷ್ಟದ್ದು, ಮತ್ತು ಇದನ್ನು ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. "ಕೊಡಗು! ಬೆಟ್ಟ, ಕಾಡು, ಶುದ್ಧ ಗಾಳಿ. ಅಲ್ಲಿನ ಮಕ್ಕಳಿಗೂ ಬೊಜ್ಜೇ?" ಎನ್ನುತ್ತಾರೆ. ಯಜಮಾನರು ಚಿಕ್ಕವರಿದ್ದಾಗ ತೋಟದ ನಡುವಿನ ಕಾಲುದಾರಿಯಲ್ಲಿ ನಡೆದೇ ಶಾಲೆಗೆ ಹೋಗಿ ಬರುತ್ತಿದ್ದರು. ಈಗ ಆ ದಾರಿಯಲ್ಲಿ ಮಗುವನ್ನು ಒಬ್ಬನೇ ಕಳಿಸುವ ಧೈರ್ಯ ಯಾರಿಗಿದೆ? ಕಾಫಿ ಗಿಡಗಳ ಮಧ್ಯೆ ಆನೆ ನಿಂತಿದ್ದರೆ ಹತ್ತು ಮಾರು ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. 2021ರ ಫೆಬ್ರವರಿ-ಮಾರ್ಚಿನಲ್ಲಿ ಶ್ರೀಮಂಗಲ, ಟಿ. ಶೆಟ್ಟಿಗೇರಿ, ಬೆಳ್ಳೂರು ಕಡೆ ಹುಲಿ ಜನರನ್ನೇ ಕೊಂದಿತು. ಸತ್ತವರಲ್ಲಿ ಮಕ್ಕಳೂ ಇದ್ದರು. 2023ರ ಫೆಬ್ರವರಿಯಲ್ಲಿ ಕುಟ್ಟದ ಹತ್ತಿರ ಮತ್ತೆ ಇಬ್ಬರು. ಅದಾದ ಮೇಲೆ ಅರ್ಧ ಮೈಲಿಗೂ ವ್ಯಾನು, ಜೀಪು, ಇಲ್ಲವೇ ಅಪ್ಪನ ಸ್ಕೂಟರು. ಅದಕ್ಕೂ ಮೊದಲು 2020ರಲ್ಲಿ ಶಾಲೆ ಮುಚ್ಚಿ, ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿ ಮಗು ಮೊಬೈಲ್ ಹಿಡಿದು ಕೂತದ್ದು. ಅದು ಕೂತಲ್ಲಿಯೇ ಕೂತಿತು. ಮೇಲೆ ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಳೆ. ಹೊಟ್ಟೆ ಬೆಳೆಯಲು ಇನ್ನೇನು ಬೇಕು? ಐದರಿಂದ ಹದಿನೇಳರ ಮಕ್ಕಳಿಗೆ ದಿನಕ್ಕೆ ಸರಾಸರಿ ಅರವತ್ತು ನಿಮಿಷವಾದರೂ ಮೈ ಬಿಸಿಯಾಗುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆನೆಗೆ ಅದು ಗೊತ್ತಿಲ್ಲವಲ್ಲ.

ನಾವು ಕಂಡುಕೊಂಡ ದಾರಿ ಇಷ್ಟೆ. ವ್ಯಾನು ಇಳಿದ ಮಗ ಅಂಗಡಿಗೆ ಬಾರದೆ ಮನೆಗೆ ಹೋಗುತ್ತಾನೆ. ಅಜ್ಜಿ ಕೊಟ್ಟದ್ದನ್ನು ತಿಂದು ಐದು ಗಂಟೆಗೆ ಹೊರಡುತ್ತಾನೆ. ಐದರಿಂದ ಆರೂಕಾಲರವರೆಗೆ ಗಲ್ಲಾದಲ್ಲಿ ನಾನು. ಅಪ್ಪ-ಮಗ ಊರೊಳಗಿನ ಡಾಂಬರು ರಸ್ತೆಯಲ್ಲಿ ಮೈದಾನದವರೆಗೆ ನಡೆದು, ಅಲ್ಲಿ ಒಂದು ಸುತ್ತು ಆಡಿ, ಕತ್ತಲಾಗುವ ಮೊದಲು ವಾಪಸ್ಸು. ಹೇಳಲು ಎರಡು ವಾಕ್ಯ. ಆದರೆ ಇದಕ್ಕಾಗಿ ನಾನು ಸಂಜೆಯ ಅಡುಗೆ ಬಿಟ್ಟೆ, ಅತ್ತೆ ಸಂಜೆಯ ಸೀರಿಯಲ್ ಬಿಟ್ಟರು, ಮಗಳು ಟ್ಯೂಷನ್ ಸಮಯ ಬದಲಿಸಿದಳು. ಮೊದಲ ವಾರ ಅಪ್ಪನಿಗೇ ಏದುಸಿರು. ಮಗ ಮುಂದೆ ಹೋಗಿ ನಿಂತು ಕಾಯುತ್ತಿದ್ದನಂತೆ. ಏಟು ತಿಂದ ಮೇಲೆ ಇಬ್ಬರ ನಡುವೆ ನಿಂತುಹೋಗಿದ್ದ ಮಾತು ಆ ರಸ್ತೆಯಲ್ಲಿ ಎಲ್ಲೋ ಮತ್ತೆ ಶುರುವಾಯಿತು. ಏನು ಮಾತಾಡುತ್ತಾರೆಂದು ನಾನು ಕೇಳಿಲ್ಲ.

ಮೈದಾನ ಎಂದ ಮೇಲೆ ಹಾಕಿಯ ಮಾತು ಬರಲೇಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯ ಶುರು ಮಾಡಿದಾಗ ಸೇರಿದ್ದು 60 ಒಕ್ಕಗಳ ತಂಡ. 2024ರ ಬೇಸಗೆಯಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ತಂಡ! ಅದನ್ನು ನೋಡಲು ನಾವೂ ಹೋಗಿದ್ದೆವು. ಒಂದೇ ಮನೆತನದ ಮಾವ, ಸೊಸೆ, ಅಜ್ಜ, ಮೊಮ್ಮಗ ಒಂದೇ ತಂಡದಲ್ಲಿ. ತಲೆ ನರೆತವರು ಸ್ಟಿಕ್ ಹಿಡಿದು ಓಡುವುದು, ಹತ್ತು ವರ್ಷದವನು ಅವರಿಗೆ ಚೆಂಡು ಕೊಡುವುದು. ನಾವು ಕೊಡವರಲ್ಲ, ನಮಗೆ ತಂಡವಿಲ್ಲ. ಆದರೆ ನನ್ನ ಮಗ ಆ ದಿನ ಪೂರ್ತಿ ಕಣ್ಣು ಮಿಟುಕಿಸದೆ ಕೂತಿದ್ದ. ಗೋಲಿಯಾಗಿ ನಿಂತಿದ್ದ ದಪ್ಪನೆಯ ಹುಡುಗನೊಬ್ಬನಿಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಹುದಿಕೇರಿಗೆ ಬಂದವನೇ ಸ್ಟಿಕ್ ಬೇಕೆಂದ. ಅಪ್ಪ ಎರಡು ತಂದರು.

ಎಲ್ಲವೂ ಸಲೀಸಾಗಿ ನಡೆಯಿತೆಂದು ದಯವಿಟ್ಟು ತಿಳಿಯಬೇಡಿ. ರಾತ್ರಿ ಒಂಬತ್ತಾದರೆ ಮನೆಯ ಎಲ್ಲ ಮೊಬೈಲುಗಳೂ ಸ್ಟೀಲ್ ಡಬ್ಬಿಗೆ ಎಂದು ನಿಯಮ ಮಾಡಿದಾಗ ಮಗಳು ಎರಡು ದಿನ ಮುನಿಸಿಕೊಂಡಳು. "ಅವನು ದಪ್ಪಗಾದರೆ ನನಗ್ಯಾಕೆ ಶಿಕ್ಷೆ?" ಎಂದು ಕೂಗಿದ್ದು ಅವನ ಕಿವಿಗೂ ಬಿತ್ತು. ಆಮೇಲೆ ತಾನೇ ಅತ್ತಳು. 2023ರ ಪುತ್ತರಿ, ದೀಪಾವಳಿಗಳಲ್ಲಿ ನಾವೆಲ್ಲರೂ ಹಳಿ ತಪ್ಪಿದೆವು. 2024ರ ಜುಲೈ ಮಳೆಗೆ ಮೂರು ವಾರ ನಡಿಗೆಯೇ ಇಲ್ಲ. ಆಗ ಪಕ್ಕದ ಮನೆಯವರ ಗದ್ದೆ ನಾಟಿ ಬಂತು. ಆಳು ಸಿಗದೆ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ ನಮ್ಮಲ್ಲಿ. ಇವರು ಇನ್ನೂ ಬಿಟ್ಟಿಲ್ಲ. "ಕಳುಹಿಸಮ್ಮಾ ಹುಡುಗನ್ನ" ಎಂದು ಕರೆದರು. ಎರಡು ದಿನ ಕೆಸರಿನಲ್ಲಿ ಸಸಿ ಕಟ್ಟು ಹೊತ್ತ. ನಾಟಿ ಮುಗಿದಾಗ ಗದ್ದೆಯಲ್ಲಿ ನಾಟಿ ಓಟ. ಕೊನೆಯವನಾಗಿ ಬಂದ, ಮೈಯೆಲ್ಲ ಕೆಸರು. ಆ ರಾತ್ರಿ ಅವನು ಮೊಬೈಲ್ ಡಬ್ಬಿಯನ್ನು ತಿರುಗಿಯೂ ನೋಡದೆ ನಿದ್ದೆ ಹೋದ.

ಶಾಲೆಯಲ್ಲಿ 'ಡುಮ್ಮ', 'ಆನೆಮರಿ' ಎಂದು ಕರೆಯುವುದು ನಿಂತಿಲ್ಲ. ಓದುವ ಮಕ್ಕಳೇ, ನೀವೂ ಯಾರನ್ನೋ ಹಾಗೆ ಕರೆದಿರಬಹುದು. ಆ ಹುಡುಗ ನಗುತ್ತಾನೆ, ನಿಜ. ನನ್ನ ಮಗನೂ ದರ್ಜಿಯ ಅಂಗಡಿಯಲ್ಲಿ ನಕ್ಕಿದ್ದ. ಹಾಗೆ ನಕ್ಕವನು ಆಮೇಲೆ ಅಕ್ಕಿ ಮೂಟೆಯ ಹಿಂದೆ ಹೋಗಿ ತಿನ್ನುತ್ತಾನೆ. ಅಂದ ಹಾಗೆ ಇದು ಈಗ ಕೆಲವೇ ಮಕ್ಕಳ ಮಾತಲ್ಲ. ಶಾಲಾ ವಯಸ್ಸಿನವರಲ್ಲಿ ತೂಕ ಕಡಿಮೆಯಿರುವವರಿಗಿಂತ ಬೊಜ್ಜಿನ ಮಕ್ಕಳೇ ಜಗತ್ತಿನಲ್ಲಿ ಹೆಚ್ಚಾಗಿದ್ದಾರೆ ಎಂದು ಯುನಿಸೆಫ್ 2025ರಲ್ಲಿ ಹೇಳಿದೆ. ನಮ್ಮ ದೇಶದಲ್ಲಿ ಒಂದೇ ಊರಿನಲ್ಲಿ ಎರಡೂ ಬಗೆಯ ಮಕ್ಕಳು ಸಿಗುತ್ತಾರೆ. ನನ್ನ ಅಂಗಡಿಯ ಮುಂದೆ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ಮೊದಲ ವರ್ಷ ತುಂಬಿದಾಗ ಮೈಸೂರಿನ ವೈದ್ಯೆ ಮತ್ತೆ ಅಳೆದರು. ತೂಕ 53 ಕಿಲೋ, ಎತ್ತರ 149. ಭಾಗಿಸಿದರೆ 24ರ ಆಸುಪಾಸು. ಚುಕ್ಕಿ ಇನ್ನೂ ಗೆರೆಯ ಮೇಲೆಯೇ ಇತ್ತು, ಆದರೆ ಗೆರೆಯ ಕಡೆಗೆ ಇಳಿದಿತ್ತು. ಕುತ್ತಿಗೆಯ ಕಪ್ಪು ತುಸು ತಿಳಿಯಾಗಿತ್ತು. ಯಜಮಾನರು 83ಕ್ಕೆ ಬಂದಿದ್ದರು; ಮಾತ್ರೆ ಒಂದು ಕಡಿಮೆಯಾಯಿತು. ನನ್ನದೂ ಇಳಿದಿತ್ತು (ಅಂಕಿ ಈಗಲೂ ಬೇಡ). ಅತ್ತೆಯವರು ಮಾತ್ರ ಮೊಮ್ಮಗನನ್ನು ಕಂಡಾಗಲೆಲ್ಲ "ಸೊರಗಿಹೋದ ನನ್ನ ಕಂದ" ಎಂದು ಕಣ್ಣೊರೆಸಿಕೊಳ್ಳುತ್ತಾರೆ, ಸೆರಗಿನ ಗಂಟಿನಿಂದ ಒಂದು ತುಂಡು ಬೆಲ್ಲ ತೆಗೆದು ಅವನ ಅಂಗೈಗೆ ಹಾಕುತ್ತಾರೆ. ನಾನು ನೋಡಿಯೂ ನೋಡದಂತಿರುತ್ತೇನೆ.

ಕಳೆದ ತಿಂಗಳು ಬಟ್ಟೆ ಒಗೆಯುವಾಗ ಜೇಬಿನಲ್ಲಿ ಚಿಕ್ಕದಾಗಿ, ಅಚ್ಚುಕಟ್ಟಾಗಿ ಮಡಿಚಿದ ಒಂದು ಖಾಲಿ ಪೊಟ್ಟಣ ಸಿಕ್ಕಿತು. ಎದೆ ಧಸಕ್ಕೆಂದಿತು. ಮತ್ತೆ ಶುರುವಾಯಿತೇ ಎಂದು ಮಗನನ್ನು ಕೂಗಲು ಬಾಯಿ ತೆರೆದವಳು ಕೈಯಲ್ಲಿದ್ದ ಅಂಗಿಯನ್ನು ಸರಿಯಾಗಿ ನೋಡಿದೆ. ಅದು ಅಪ್ಪನ ಅಂಗಿ. ಮಗ ಅಷ್ಟರಲ್ಲಿ ಬಾಗಿಲಲ್ಲಿ ಬಂದು ನಿಂತಿದ್ದ. ಪೊಟ್ಟಣವನ್ನೂ ಅಂಗಿಯನ್ನೂ ಒಂದು ಸಲ ನೋಡಿ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಅಪ್ಪಂಗೆ ಬೈಬೇಡಮ್ಮ. ಸಂಜೆ ನಾನೇ ಒಂದು ಸುತ್ತು ಜಾಸ್ತಿ ಕರ್ಕೊಂಡು ಹೋಗ್ತೀನಿ."